ಯೀಸ್ಟ್ ಎಣಿಕೆಯಲ್ಲಿ ಎಸ್ ರೇಖೆ ಏಕೆ ಬರಲಿಲ್ಲ? ಹುಲ್ಲಿನ ಕಷಾಯದಲ್ಲಿ ನಡೆದದ್ದು ಅನುಕ್ರಮಣವೇ?

ಪ್ರಶ್ನೆ: ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಜೀವಿಸಂಖ್ಯೆಗೆ ಮಿತಿ ಇದೆ ಎಂದು ತೋರಿಸಲು ಮಕ್ಕಳಿಂದ ಯೀಸ್ಟ್ ಪ್ರಯೋಗ ಮಾಡಿಸಿದೆ. 100 ಮಿಲಿ ಉಗುರುಬೆಚ್ಚಗಿನ ನೀರು, 5 ಗ್ರಾಂ ಸಕ್ಕರೆ, 1 ಗ್ರಾಂ ಒಣ ಯೀಸ್ಟ್. ನೊರೆ ಚೆನ್ನಾಗಿಯೇ ಬಂತು. ಆದರೆ ಸೂಕ್ಷ್ಮದರ್ಶಕದಲ್ಲಿ ಎಣಿಸಿದರೆ ಎರಡು ದಿನ ಸಂಖ್ಯೆ ಹೆಚ್ಚುಕಡಿಮೆ ಇದ್ದಷ್ಟೇ ಇತ್ತು, ಮೂರನೇ ದಿನ ಅರ್ಧಕ್ಕಿಂತ ಕೆಳಗಿಳಿಯಿತು. ಪುಸ್ತಕದಲ್ಲಿರುವ ಎಸ್ ಆಕಾರದ ರೇಖೆ ಬರಲೇ ಇಲ್ಲ. ತಾನೇ ಮಾಡಿದ ಆಲ್ಕೋಹಾಲಿನಿಂದ ಯೀಸ್ಟ್ ಸತ್ತಿತು ಎಂದು ಹೇಳಿ ಮುಗಿಸಿದೆ, ಆದರೆ ನನಗೇ ಸಮಾಧಾನವಿಲ್ಲ. ಇನ್ನೊಂದು ಗುಂಪು ಒಣಹುಲ್ಲು ಕುದಿಸಿದ ನೀರಿಗೆ ಕೆರೆಯ ನೀರು ಬೆರೆಸಿ ಜಾಡಿಯೊಂದನ್ನು ಕಪಾಟಿನಲ್ಲಿಟ್ಟಿತ್ತು. ಮೊದಲು ನೀರು ಮಸುಕಾಯಿತು, ಆಮೇಲೆ ಮೂತ್ರಪಿಂಡದ ಆಕಾರದ ಪುಟ್ಟ ಜೀವಿಗಳು, ಎರಡನೇ ವಾರ ತುಂಬ ಪ್ಯಾರಮೀಸಿಯಂ, ನಾಲ್ಕನೇ ವಾರದ ಹೊತ್ತಿಗೆ ನೀರು ತಿಳಿಯಾಗಿ ಎಲ್ಲವೂ ಮಾಯ. ಇದನ್ನು ಪರಿಸರ ಅನುಕ್ರಮಣ ಎನ್ನಬಹುದೇ? ಹಾಗಾದರೆ ಇದರ ಕೊನೆಯ ಸ್ಥಿರ ಸಮುದಾಯ ಎಲ್ಲಿ ಎಂದು ಒಬ್ಬ ಹುಡುಗಿ ಕೇಳಿದಳು. ಬರಿಬಂಡೆಯ ಮೇಲೆ ಯಾವಾಗಲೂ ಕಲ್ಲುಹೂವೇ ಮೊದಲು, ಕೊನೆಗೆ ಕಾಡು ಎನ್ನುವುದು ಎಲ್ಲ ಕಡೆಯೂ ನಿಜವೇ? ಮುಂದಿನ ವರ್ಷ ಯಾವ ಪ್ರಯೋಗ ಉಳಿಸಿಕೊಳ್ಳಲಿ?

ಉತ್ತರ: ನಿಮ್ಮ ಎರಡೂ ಪ್ರಯೋಗಗಳು ಕೆಟ್ಟಿಲ್ಲ. ಯೀಸ್ಟ್ ಫ್ಲಾಸ್ಕಿನಲ್ಲಿ ಎಸ್ ರೇಖೆ ಮೂಡಲು ಅವಕಾಶವೇ ಇರಲಿಲ್ಲ. ಹುಲ್ಲಿನ ಜಾಡಿಯಲ್ಲಿ ನಡೆದದ್ದು ನಿಜವಾದ ಅನುಕ್ರಮಣವೇ, ಆದರೆ ಪುಸ್ತಕದ ಚಿತ್ರದಲ್ಲಿರುವ ಬಗೆಯದಲ್ಲ.

ಜೀವಿಸಂಖ್ಯೆಯ ಮಿತಿ ಒಂದು ಪಾಠ, ಅನುಕ್ರಮಣ ಇನ್ನೊಂದು ಪಾಠ ಎಂದು ಬೇರೆ ಮಾಡಿ ಕಲಿಸುವುದರಿಂದ ಅರ್ಧ ಗೊಂದಲ ಹುಟ್ಟುತ್ತದೆ. ಜೀವಿಗಳು ಬದುಕುತ್ತ ಬದುಕುತ್ತಲೇ ತಮ್ಮ ಸುತ್ತಲಿನ ಪರಿಸ್ಥಿತಿಯನ್ನು ಬದಲಿಸುತ್ತವೆ. ಆ ಬದಲಾವಣೆ ಅವುಗಳಿಗೇ ಮುಳುವಾದಾಗ ಮಿತಿ ಎನ್ನುತ್ತೇವೆ. ಅದೇ ಬದಲಾವಣೆ ಬೇರೆ ಪ್ರಭೇದಕ್ಕೆ ಅನುಕೂಲವಾಗಿ ಅದು ಬಂದು ನೆಲೆಸಿದಾಗ ಅನುಕ್ರಮಣ ಎನ್ನುತ್ತೇವೆ. ನಿಮ್ಮ ಫ್ಲಾಸ್ಕಿನಲ್ಲಿ ಆ ಬೇರೆ ಪ್ರಭೇದ ಇರಲಿಲ್ಲ, ಜಾಡಿಯಲ್ಲಿ ಇತ್ತು.

ಫ್ಲಾಸ್ಕಿನಲ್ಲಿ ಆದದ್ದೇನು

ಮೊದಲು ಲೆಕ್ಕ ನೋಡೋಣ. ಒಂದು ಗ್ರಾಂ ಒಣ ಯೀಸ್ಟ್‌ನಲ್ಲಿ ಸುಮಾರು ಸಾವಿರ ಕೋಟಿ ಕೋಶಗಳಿರುತ್ತವೆ. ಅದನ್ನು 100 ಮಿಲಿ ನೀರಿಗೆ ಹಾಕಿದರೆ ಪ್ರತಿ ಮಿಲಿಗೆ 10 ಕೋಟಿ. ಒಳ್ಳೆಯ ಪೋಷಕ ದ್ರಾವಣದಲ್ಲಿ ಯೀಸ್ಟ್ ಬೆಳೆದು ಬೆಳೆದು ಕೊನೆಗೆ ಮುಟ್ಟುವ ಮಿತಿಯೂ ಹೆಚ್ಚುಕಡಿಮೆ ಅಷ್ಟೇ. ಎಂದರೆ ನೀವು ಮಿತಿಯಲ್ಲೇ ಆರಂಭಿಸಿದ್ದೀರಿ. ಎಸ್ ರೇಖೆಯ ಕೆಳಗಿನ ಬಾಗು, ನಡುವಿನ ಏರು ಎರಡೂ ಆಗಲೇ ಮುಗಿದಿದ್ದವು.

ಎರಡನೆಯದು, ಸಕ್ಕರೆ ನೀರಿನಲ್ಲಿ ಸಾರಜನಕವಿಲ್ಲ. ಸಕ್ಕರೆಯಿಂದ ಯೀಸ್ಟ್‌ಗೆ ಶಕ್ತಿ ಸಿಗುತ್ತದೆ, ಹೊಸ ಕೋಶ ಕಟ್ಟಲು ಬೇಕಾದ ಪ್ರೋಟೀನು ಸಿಗುವುದಿಲ್ಲ. ಹಾಗಾಗಿ ಇದ್ದ ಕೋಶಗಳೇ ಸಕ್ಕರೆಯನ್ನು ಹುದುಗಿಸಿ ಇಂಗಾಲದ ಡೈಆಕ್ಸೈಡ್ ಬಿಟ್ಟವು, ನೊರೆ ಬಂತು, ಸಂಖ್ಯೆ ಬೆಳೆಯಲಿಲ್ಲ. ನೊರೆ ಕಂಡರೆ ಬೆಳವಣಿಗೆ ನಡೆದಿದೆ ಎಂದುಕೊಳ್ಳುವುದು ಈ ಪ್ರಯೋಗದಲ್ಲಿ ತೀರ ಸಾಮಾನ್ಯವಾದ ತಪ್ಪು ತಿಳಿವಳಿಕೆ. ನೊರೆ ಅಳೆಯುವುದು ಕೆಲಸವನ್ನು, ತಲೆಎಣಿಕೆಯನ್ನಲ್ಲ.

ಇನ್ನು ಮೂರನೇ ದಿನದ ಇಳಿಕೆ. ಆಲ್ಕೋಹಾಲನ್ನು ಇಲ್ಲಿ ಹೊಣೆ ಮಾಡಲಾಗದು. 5 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೂ ಹೆಚ್ಚೆಂದರೆ 2.7 ಗ್ರಾಂ ಆಲ್ಕೋಹಾಲ್ ಆಗುತ್ತದೆ, 100 ಮಿಲಿಯಲ್ಲಿ ಗಾತ್ರದ ಲೆಕ್ಕಕ್ಕೆ ಸುಮಾರು ಶೇ. 3.4. ಬ್ರೆಡ್ ಯೀಸ್ಟ್‌ನ ಬೆಳವಣಿಗೆ ಇದರಿಂದ ಸ್ವಲ್ಪ ನಿಧಾನವಾದೀತೇ ಹೊರತು ಅದು ಗುಂಪುಗುಂಪಾಗಿ ಸಾಯುವುದಿಲ್ಲ. 20 ಗ್ರಾಂ ಸಕ್ಕರೆ ಹಾಕಿದ್ದರೆ ಮಾತು ಬೇರೆ. ಇದಕ್ಕೂ ಮುಖ್ಯವಾದದ್ದೆಂದರೆ, ಸತ್ತ ಯೀಸ್ಟ್ ಕೋಶ ಕೂಡಲೇ ಕರಗಿಹೋಗುವುದಿಲ್ಲ. ಬಣ್ಣ ಹಾಕದೆ ಎಣಿಸಿದರೆ ಅದೂ ಲೆಕ್ಕಕ್ಕೆ ಬರುತ್ತದೆ. ಹೀಗಿರುವಾಗ ಒಟ್ಟು ಎಣಿಕೆ ಒಂದೇ ದಿನದಲ್ಲಿ ಅರ್ಧಕ್ಕಿಳಿದಿದೆ ಎಂದರೆ ಮೊದಲ ಅನುಮಾನ ಹೋಗಬೇಕಾದದ್ದು ಮಾದರಿ ತೆಗೆದ ರೀತಿಯ ಮೇಲೆ. ನೊರೆ ನಿಂತ ಮೇಲೆ ದ್ರಾವಣವನ್ನು ಕದಡುವ ಗುಳ್ಳೆಗಳಿರುವುದಿಲ್ಲ, ಯೀಸ್ಟ್ ತಳಕ್ಕೆ ಕೂರುತ್ತದೆ. ಮೇಲಿನಿಂದ ಹನಿ ತೆಗೆದರೆ ಕಡಿಮೆ ಸಿಗುತ್ತದೆ. ಫ್ಲಾಸ್ಕಿನ ತಳದಲ್ಲಿ ಕೆನೆಬಣ್ಣದ ಪದರ ಕಂಡಿದ್ದರೆ ಉತ್ತರ ಅಲ್ಲೇ ಇದೆ.

ಮತ್ತೆ ಮಾಡುವುದಾದರೆ ಹೀಗೆ ಮಾಡಿ. ಪೋಷಕ ದ್ರಾವಣಕ್ಕೆ 100 ಮಿಲಿ ನೀರಿಗೆ 1 ಗ್ರಾಂ ಯೀಸ್ಟ್ ಎಕ್ಸ್‌ಟ್ರಾಕ್ಟ್, 2 ಗ್ರಾಂ ಪೆಪ್ಟೋನ್ (ಸಾರಜನಕ ಒದಗಿಸುವ, ಒಡೆದ ಪ್ರೋಟೀನಿನ ಪುಡಿ), 2 ಗ್ರಾಂ ಗ್ಲೂಕೋಸ್ ಸಾಕು. ಕುದಿಸಿ ಆರಿಸಿ. ಬೇರೆ ಪಾತ್ರೆಯಲ್ಲಿ 0.1 ಗ್ರಾಂ ಒಣ ಯೀಸ್ಟನ್ನು 100 ಮಿಲಿ ನೀರಲ್ಲಿ ಕದಡಿ, ಅದರಿಂದ ಬರೀ 1 ಮಿಲಿಯನ್ನು ಪೋಷಕ ದ್ರಾವಣಕ್ಕೆ ಹಾಕಿ. ಈಗ ಮಿಲಿಗೆ ಸುಮಾರು 1 ಲಕ್ಷದಿಂದ ಆರಂಭ. 10 ಕೋಟಿ ಮುಟ್ಟಬೇಕಾದರೆ ಸಾವಿರ ಪಟ್ಟು, ಎಂದರೆ ಹತ್ತು ಸಲ ಇಮ್ಮಡಿ. 28–30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಇಮ್ಮಡಿಗೆ ಸುಮಾರು ಎರಡು ಗಂಟೆ, ಕೋಣೆ ತಣ್ಣಗಿದ್ದರೆ ಮೂರು ಅಥವಾ ಹೆಚ್ಚು. ಮೊದಲ ಕೆಲವು ಗಂಟೆ ಯೀಸ್ಟ್ ಹೊಂದಿಕೊಳ್ಳಲು ತೆಗೆದುಕೊಳ್ಳುತ್ತದೆ. ಒಟ್ಟಿನಲ್ಲಿ ಏರುವ ಭಾಗವೆಲ್ಲ ಒಂದು ಹಗಲು ಒಂದು ರಾತ್ರಿಯಲ್ಲಿ ಮುಗಿಯುತ್ತದೆ. ದಿನಕ್ಕೊಮ್ಮೆ ಎಣಿಸುವವರಿಗೆ ಅದು ಕಾಣುವುದೇ ಇಲ್ಲ.

ರಾತ್ರಿ ಶಾಲೆಯಲ್ಲಿ ಕೂತು ಎಣಿಸಲು ಆಗದು. ಅದಕ್ಕೆ ದಾರಿ ಎಂದರೆ ಎರಡು ಫ್ಲಾಸ್ಕ್. ಒಂದಕ್ಕೆ ಹಿಂದಿನ ರಾತ್ರಿ 9ಕ್ಕೆ ಯೀಸ್ಟ್ ಹಾಕಿ, ಇನ್ನೊಂದಕ್ಕೆ ಬೆಳಿಗ್ಗೆ 9ಕ್ಕೆ. ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ಎರಡು ಗಂಟೆಗೊಮ್ಮೆ ಎಣಿಸಿದರೆ ಹೊಸ ಫ್ಲಾಸ್ಕಿನಿಂದ 0–8ನೇ ಗಂಟೆ, ಹಳೆಯದರಿಂದ 12–20ನೇ ಗಂಟೆ ಸಿಗುತ್ತದೆ. ಮರುದಿನ 24–32 ಮತ್ತು 36–44. ನಡುವೆ ಸಣ್ಣ ಸಣ್ಣ ಖಾಲಿ ಜಾಗಗಳಿದ್ದರೂ ರೇಖೆ ಕೂಡಿಕೊಳ್ಳುತ್ತದೆ. ಎರಡಕ್ಕೂ ಒಂದೇ ಬ್ಯಾಚಿನ ದ್ರಾವಣ, ಒಂದೇ ಉಷ್ಣಾಂಶ ಇರಲೇಬೇಕು. ಬಾಯಿಗೆ ಹತ್ತಿ ತುರುಕಿ, ಬಿಗಿ ಮುಚ್ಚಳ ಹಾಕಬೇಡಿ. ಅನಿಲದ ಒತ್ತಡಕ್ಕೆ ಗಾಜು ಒಡೆಯಬಹುದು.

ಎಣಿಕೆಗೆ ಹೀಮೋಸೈಟೋಮೀಟರ್, ಎಂದರೆ ರಕ್ತಕಣ ಎಣಿಸಲು ಚೌಕಗಳ ಗೆರೆ ಕೊರೆದ ಗಾಜಿನ ಪಟ್ಟಿ, ಸಿಕ್ಕರೆ ಒಳ್ಳೆಯದು. ಅದರ ದೊಡ್ಡ ಚೌಕ 1 ಮಿ.ಮೀ. ಬದಿ, ದ್ರವದ ಆಳ 0.1 ಮಿ.ಮೀ., ಹಾಗಾಗಿ ಒಂದು ದೊಡ್ಡ ಚೌಕದ ಎಣಿಕೆಯನ್ನು 10,000ದಿಂದ ಗುಣಿಸಿ, ತೆಳುಗೊಳಿಸಿದ್ದರೆ ಅದರಿಂದಲೂ ಗುಣಿಸಿದರೆ ಮಿಲಿಗೆಷ್ಟು ಎಂದು ಬರುತ್ತದೆ. ಆರಂಭದಲ್ಲಿ ಒಂದು ಚೌಕಕ್ಕೆ ಹತ್ತೇ ಕೋಶ ಸಿಗುತ್ತವೆ, ಒಂಬತ್ತೂ ದೊಡ್ಡ ಚೌಕ ಎಣಿಸಿ. ಕೊನೆಯಲ್ಲಿ 20 ಪಟ್ಟು ತೆಳುಗೊಳಿಸದೆ ಎಣಿಸಲಾಗದು. ಮೇಲಿನ ಮತ್ತು ಎಡಗಡೆಯ ಗೆರೆ ಮುಟ್ಟಿದ ಕೋಶ ಲೆಕ್ಕಕ್ಕೆ, ಕೆಳಗಿನ ಮತ್ತು ಬಲಗಡೆಯದು ಬೇಡ. ಯೀಸ್ಟ್ ಹೆಚ್ಚುವುದು ಮೊಗ್ಗಿನಂತೆ ಮರಿಕೋಶ ಬಿಟ್ಟು; ಆ ಮೊಗ್ಗು ತಾಯಿಕೋಶದ ಅರ್ಧಕ್ಕಿಂತ ಸಣ್ಣದಿದ್ದರೆ ಎರಡೂ ಸೇರಿ ಒಂದು. ಈ ನಿಯಮಗಳನ್ನು ಮೊದಲೇ ಬರೆದಿಟ್ಟು ಎಲ್ಲರೂ ಪಾಲಿಸದಿದ್ದರೆ ಎಣಿಸುವವರು ಬದಲಾದ ಕಡೆಯೆಲ್ಲ ರೇಖೆ ಜಿಗಿಯುತ್ತದೆ. ಒಟ್ಟು 25 ಕೋಶ ಎಣಿಸಿದರೆ ಬರೀ ಆಕಸ್ಮಿಕದಿಂದಲೇ ಐದರಷ್ಟು ಆಚೀಚೆ ಆಗುತ್ತದೆ, ಶೇ. 20. ನಾನೂರು ಎಣಿಸಿದರೆ ಇಪ್ಪತ್ತು, ಶೇ. 5. ಪ್ರತಿ ಸಲ ಹನಿ ತೆಗೆಯುವ ಮುನ್ನ ಫ್ಲಾಸ್ಕನ್ನು ಹತ್ತು ಸುತ್ತು ತಿರುಗಿಸಿ ಕದಡುವುದನ್ನು ಮರೆಯಬೇಡಿ.

ಜೀವಂತ, ಸತ್ತ ಕೋಶಗಳನ್ನು ಬೇರ್ಪಡಿಸಲು ಶೇ. 0.01ರ ಮೆಥಿಲೀನ್ ಬ್ಲೂ ಸಮಪ್ರಮಾಣದಲ್ಲಿ ಬೆರೆಸಿ. ಜೀವಂತ ಕೋಶ ಬಣ್ಣವನ್ನು ಕಳೆದು ಬಿಳಿಯಾಗೇ ಉಳಿಯುತ್ತದೆ, ಸತ್ತದ್ದು ನೀಲಿಯಾಗುತ್ತದೆ. ಹತ್ತು ನಿಮಿಷದೊಳಗೆ ಎಣಿಸಿ, ತಡವಾದರೆ ಬದುಕಿದ್ದವೂ ನೀಲಿಗೆ ತಿರುಗತೊಡಗುತ್ತವೆ. ಎರಡನೇ ದಿನದ ಮೇಲೆ ಸಂಖ್ಯೆ ಸ್ವಲ್ಪ ಮತ್ತೆ ಏರಿದರೆ ಎಣಿಕೆ ತಪ್ಪಿತೆಂದು ಅಳಿಸಬೇಡಿ. ಸಕ್ಕರೆ ಮುಗಿದ ಮೇಲೆ ಗಾಳಿ ಸಿಕ್ಕರೆ ಯೀಸ್ಟ್ ತಾನು ಮಾಡಿದ ಆಲ್ಕೋಹಾಲನ್ನೇ ತಿಂದು ನಿಧಾನವಾಗಿ ಬೆಳೆಯಬಲ್ಲದು.

ಮಿತಿ ಯಾವುದರಿಂದ ಬಂತು ಎಂದು ಊಹಿಸುವ ಬದಲು ಕೇಳಿಯೇ ನೋಡಬಹುದು. ಸಂಖ್ಯೆ ನಿಂತ ಮೇಲೆ ದ್ರಾವಣವನ್ನು ಕದಡಿ 10 ಮಿಲಿಯಂತೆ ಐದು ನಳಿಕೆಗೆ ಹಂಚಿ. ಒಂದಕ್ಕೆ 1 ಮಿಲಿ ನೀರು, ಒಂದಕ್ಕೆ 1 ಮಿಲಿ ಗಟ್ಟಿ ಗ್ಲೂಕೋಸ್ ದ್ರಾವಣ, ಒಂದಕ್ಕೆ 1 ಮಿಲಿ ಗಟ್ಟಿ ಪೆಪ್ಟೋನ್, ಒಂದಕ್ಕೆ ಅರ್ಧ ಅರ್ಧ ಮಿಲಿ ಎರಡೂ. ಐದನೆಯದರಲ್ಲಿ ಯೀಸ್ಟ್ ತಳಕ್ಕೆ ಕೂತ ಮೇಲೆ ಹಳೆಯ ದ್ರವ ಚೆಲ್ಲಿ ಹೊಸ ಪೋಷಕ ದ್ರಾವಣ ಹಾಕಿ. ಮರುದಿನ ಎಣಿಸಿ. ಗ್ಲೂಕೋಸ್ ಸಿಕ್ಕ ನಳಿಕೆಗಳೆಲ್ಲ ಏರಿ ಉಳಿದವು ಏರದಿದ್ದರೆ ಮಿತಿ ಸಕ್ಕರೆಯದು. ಬರೀ ಸಕ್ಕರೆಗೂ ಬರೀ ಪೆಪ್ಟೋನಿಗೂ ಏರದೆ ಎರಡೂ ಸೇರಿದಾಗ ಏರಿದರೆ ಎರಡೂ ಒಟ್ಟಿಗೆ ಮುಗಿದಿದ್ದವು. ಐದನೆಯದು ಮಾತ್ರ ಏರಿದರೆ ಆಗ ಹೊರಹಾಕಿದ ವಸ್ತುಗಳ ಕಡೆ ಬೆರಳು ತೋರಿಸಬಹುದು. ಯೀಸ್ಟ್ ಪ್ರಯೋಗದಲ್ಲಿ ಒಂದೇ ಭಾಗಕ್ಕೆ ಸಮಯವಿದೆ ಎಂದರೆ ಇದನ್ನೇ ಮಾಡಿಸಿ ಎನ್ನುತ್ತೇನೆ. ರೇಖೆ ಬಿಡಿಸುವುದಕ್ಕಿಂತ ಹೆಚ್ಚು ಕಲಿಕೆ ಇದರಲ್ಲಿದೆ.

ಧಾರಣ ಸಾಮರ್ಥ್ಯ ಪ್ರಭೇದದ ಗುಣವಲ್ಲ

ಒಂದು ಜಾಗ ಬಹುಕಾಲ ಸಾಕಬಲ್ಲ ಗರಿಷ್ಠ ಜೀವಿಸಂಖ್ಯೆಗೆ ಧಾರಣ ಸಾಮರ್ಥ್ಯ ಎನ್ನುತ್ತೇವೆ. ಬೆಲ್ಜಿಯಂನ ಗಣಿತಜ್ಞ ಪಿಯರ್ ಫ್ರಾಂಸ್ವಾ ವೆರ್‌ಹುಲ್ಸ್ಟ್ 1838ರಲ್ಲಿ ಕೊಟ್ಟ ಸಮೀಕರಣವನ್ನು ಮಾತಿನಲ್ಲಿ ಹೇಳಿದರೆ: ಹೆಚ್ಚಳದ ವೇಗ = ಬೆಳವಣಿಗೆಯ ದರ × ಈಗಿನ ಸಂಖ್ಯೆ × (1 − ಈಗಿನ ಸಂಖ್ಯೆ ÷ ಧಾರಣ ಸಾಮರ್ಥ್ಯ). ದರ 0.5, ಸಾಮರ್ಥ್ಯ 1000 ಎಂದಿಟ್ಟುಕೊಂಡು ಮಕ್ಕಳಿಂದಲೇ ಲೆಕ್ಕ ಹಾಕಿಸಿ. ಸಂಖ್ಯೆ 10 ಇದ್ದಾಗ ಹೆಚ್ಚಳ ಸುಮಾರು 5. 500 ಇದ್ದಾಗ 125. 900 ಇದ್ದಾಗ 45. 1000ದಲ್ಲಿ ಸೊನ್ನೆ. 1200 ಆದರೆ 120 ಇಳಿಕೆ. ಅತಿ ವೇಗದ ಬೆಳವಣಿಗೆ ಅರ್ಧ ದಾರಿಯಲ್ಲಿ ಏಕೆ ಎನ್ನುವುದು ಸಂಖ್ಯೆಗಳಲ್ಲೇ ಕಾಣುತ್ತದೆ.

ಈ ಸಮೀಕರಣದಲ್ಲಿ ಧಾರಣ ಸಾಮರ್ಥ್ಯ ಬದಲಾಗದ ಅಂಕಿ. ನಿಸರ್ಗದಲ್ಲಿ ಹಾಗಿಲ್ಲ. ಇಂಥ ಪ್ರಾಣಿಗೆ ಇಷ್ಟು ಎಂದು ಪ್ರಾಣಿಯ ಜೊತೆ ಅಂಟಿಕೊಂಡು ಬರುವ ಸಂಖ್ಯೆ ಅದಲ್ಲ. ಆ ಜಾಗ, ಆ ಕಾಲ, ಆ ಆಹಾರ, ಮತ್ತು ಆ ಪ್ರಾಣಿ ಅಲ್ಲಿಯವರೆಗೆ ಏನು ಮಾಡಿದೆ ಎನ್ನುವುದು ಸೇರಿ ಅದು ನಿರ್ಧಾರವಾಗುತ್ತದೆ. ಕೊನೆಯ ಮಾತನ್ನು ಪುಸ್ತಕಗಳು ಬಿಟ್ಟುಬಿಡುತ್ತವೆ.

ಬೇರಿಂಗ್ ಸಮುದ್ರದ ಸೇಂಟ್ ಮ್ಯಾಥ್ಯೂ ದ್ವೀಪಕ್ಕೆ 1944ರಲ್ಲಿ ಅಮೆರಿಕದ ಕೋಸ್ಟ್ ಗಾರ್ಡ್ 29 ಹಿಮಸಾರಂಗಗಳನ್ನು ತಂದು ಬಿಟ್ಟಿತು. ಬೇಟೆಯಾಡುವ ತೋಳಗಳು ಅಲ್ಲಿರಲಿಲ್ಲ. 1957ರಲ್ಲಿ ಎಣಿಸಿದಾಗ 1,350, 1963ರಲ್ಲಿ ಸುಮಾರು 6,000. 1963–64ರ ಚಳಿಗಾಲ ಕಟುವಾಗಿತ್ತು, ಹಿಮ ಬಹಳ ಬಿತ್ತು. 1966ರಲ್ಲಿ ಉಳಿದದ್ದು 42. ಇದನ್ನು ಚಳಿಯಿಂದ ಸತ್ತವು ಎಂದು ಬರೆದರೆ ಅರ್ಧ ಉತ್ತರ. ಚಳಿಗಾಲದಲ್ಲಿ ಅವು ಬದುಕುವುದು ನೆಲಕ್ಕೆ ಹಾಸಿದಂತಿರುವ ಕಲ್ಲುಹೂವಿನ ಜಾತಿಗಳನ್ನು ತಿಂದು, ಮತ್ತು ಕಲ್ಲುಹೂವು ಬಹಳ ನಿಧಾನವಾಗಿ ಬೆಳೆಯುತ್ತದೆ. 1963ರ ಹೊತ್ತಿಗೇ ಆ ಹಾಸು ಸವೆದುಹೋಗಿ, ಅದರ ಜಾಗದಲ್ಲಿ ಹುಲ್ಲು, ಜೊಂಡಿನ ಜಾತಿಯ ಗಿಡಗಳು ಹರಡುತ್ತಿದ್ದವು. ಸಾರಂಗಗಳ ತೂಕ ಇಳಿದಿತ್ತು, ಮರಿಗಳು ಕಡಿಮೆಯಾಗಿದ್ದವು. ಕಟು ಚಳಿಗಾಲ ಸಾಂದ್ರತೆಯನ್ನು, ಎಂದರೆ ಜಾಗಕ್ಕೆ ಎಷ್ಟು ಪ್ರಾಣಿಗಳಿವೆ ಎನ್ನುವುದನ್ನು, ಅವಲಂಬಿಸದ ಅಂಶ ನಿಜ, ಆದರೆ ಅದು ಅಷ್ಟು ಸಾರಂಗಗಳನ್ನು ಕೊಲ್ಲುವಂತಾದದ್ದು ಸಾಂದ್ರತೆಯಿಂದಲೇ. ಸಾರಂಗಗಳು ಒಂದೆಡೆ ತಮ್ಮ ಧಾರಣ ಸಾಮರ್ಥ್ಯವನ್ನು ತಾವೇ ಇಳಿಸಿಕೊಂಡವು, ಇನ್ನೊಂದೆಡೆ ದ್ವೀಪದ ಸಸ್ಯ ಸಮುದಾಯವನ್ನೇ ಬದಲಿಸಿದವು. ಎರಡು ಪಾಠಗಳು ಒಂದೇ ನೆಲದ ಮೇಲೆ ಇಷ್ಟು ಸ್ಪಷ್ಟವಾಗಿ ಕಾಣುವ ಉದಾಹರಣೆ ಅಪರೂಪ.

ಸಂಖ್ಯೆ ಸಾಮರ್ಥ್ಯ ಮುಟ್ಟಿ ಅಲ್ಲೇ ನೆಟ್ಟಗೆ ನಿಲ್ಲುತ್ತದೆ ಎನ್ನುವ ನಂಬಿಕೆಯೂ ಇದರೊಂದಿಗೆ ಬೀಳುತ್ತದೆ. ಕೊರತೆಯ ಪರಿಣಾಮ ಜನನದ ಮೇಲೆ ಕಾಣಲು ಸಮಯ ಹಿಡಿಯುತ್ತದೆ, ಅಷ್ಟರಲ್ಲಿ ಸಂಖ್ಯೆ ಮಿತಿ ದಾಟಿರುತ್ತದೆ. ವೇಗವಾಗಿ ಹೆಚ್ಚುವ, ತಡವಾಗಿ ಪ್ರತಿಕ್ರಿಯಿಸುವ ಪ್ರಭೇದಗಳಲ್ಲಿ ಏರಿಳಿತವೇ ಸಾಮಾನ್ಯ.

ಜಾಡಿಯಲ್ಲಿ ನಡೆದದ್ದು

ಒಣಹುಲ್ಲಿನ ಕಷಾಯದಲ್ಲಿ ಜೀವಿಗಳು ಒಂದರ ನಂತರ ಒಂದು ಮೇಲುಗೈ ಪಡೆಯುವುದನ್ನು ಅಮೆರಿಕದ ಜೀವಶಾಸ್ತ್ರಜ್ಞ ಲೊರಾಂಡ್ ವುಡ್ರಫ್ 1912ರಲ್ಲೇ ವಿವರವಾಗಿ ದಾಖಲಿಸಿದ್ದರು. ಅವರು ಕಂಡ ಏಕಕೋಶ ಜೀವಿಗಳ ಸಾಲು ಹೀಗಿತ್ತು: ಚಾವಟಿಯಂಥ ಎಳೆಯಿಂದ ಈಜುವ ಸಣ್ಣ ಕಶಾಂಗಿಗಳು, ಕಾಲ್ಪೋಡ, ತಳದ ಮೇಲೆ ತೆವಳುವ ಲೋಮಾಂಗಿಗಳು, ಪ್ಯಾರಮೀಸಿಯಂ, ವಾರ್ಟಿಸೆಲ್ಲಾ, ಅಮೀಬಾ. ಲೋಮಾಂಗಿ ಎಂದರೆ ಮೈಮೇಲಿನ ನವಿರು ಕೂದಲುಗಳಿಂದ ಚಲಿಸುವ ಜೀವಿ; ಕಾಲ್ಪೋಡ, ಪ್ಯಾರಮೀಸಿಯಂ ಕೂಡ ಲೋಮಾಂಗಿಗಳೇ. ನಿಮ್ಮ ಮಕ್ಕಳು ಕಂಡ ಮೂತ್ರಪಿಂಡದ ಆಕಾರದ ಜೀವಿ ಬಹುಮಟ್ಟಿಗೆ ಕಾಲ್ಪೋಡ. ಹಾಗಾಗಿ ಧೈರ್ಯವಾಗಿ ಅನುಕ್ರಮಣ ಎನ್ನಿ.

ಕಾರಣಗಳನ್ನು ಒಂದೊಂದಾಗಿ ಬಿಡಿಸೋಣ. ಕುದಿಸಿದಾಗ ಹುಲ್ಲಿನಿಂದ ಸಕ್ಕರೆ, ಪ್ರೋಟೀನು ನೀರಿಗೆ ಬಿಡುತ್ತವೆ. ಕುದಿತಕ್ಕೂ ಸಾಯದ ಬೀಜಾಣುಗಳಿಂದ ಮತ್ತು ಗಾಳಿಯಿಂದ ಬಂದ ಬ್ಯಾಕ್ಟೀರಿಯಾ ಅವನ್ನು ತಿಂದು ಒಂದೆರಡು ದಿನದಲ್ಲಿ ನೀರನ್ನು ಮಸುಕು ಮಾಡುತ್ತವೆ. ಆ ಬ್ಯಾಕ್ಟೀರಿಯಾವೇ ಮುಂದಿನವರ ಊಟ. ಬೇಗ ವಿಭಜಿಸುವ ಸಣ್ಣವು ಮೊದಲು ಹೆಚ್ಚುತ್ತವೆ. ನಿಧಾನವಾದರೂ ಹೆಚ್ಚು ನೀರನ್ನು ಸೋಸಿ ತಿನ್ನುವ ಪ್ಯಾರಮೀಸಿಯಂ ಆಮೇಲೆ ಮೇಲಾಗುತ್ತದೆ. ನೀರಲ್ಲಿ ಕರಗಿದ್ದ ಆಹಾರ ಮುಗಿದಾಗ ಬ್ಯಾಕ್ಟೀರಿಯಾ ಕಡಿಮೆಯಾಗುತ್ತವೆ, ನೀರು ತಿಳಿಯಾಗುತ್ತದೆ, ಪ್ಯಾರಮೀಸಿಯಂ ಹಸಿಯುತ್ತದೆ. ಪರಿಸರ ವಿಜ್ಞಾನಿಗಳಾದ ಜೋಸೆಫ್ ಕಾನೆಲ್ ಮತ್ತು ರಾಲ್ಫ್ ಸ್ಲೇಟಿಯರ್ 1977ರಲ್ಲಿ ಅನುಕ್ರಮಣಕ್ಕೆ ಮೂರು ದಾರಿ ಹೇಳಿದರು: ಮೊದಲು ಬಂದವರು ಮುಂದಿನವರಿಗೆ ನೆರವಾಗುವುದು, ಅಡ್ಡಿಯಾಗುವುದು, ನೆರವೂ ಅಡ್ಡಿಯೂ ಆಗದೆ ಹೆಚ್ಚು ತಾಳಿಕೊಳ್ಳುವವರು ಉಳಿಯುವುದು. ಬ್ಯಾಕ್ಟೀರಿಯಾದಿಂದ ಲೋಮಾಂಗಿಗೆ ದಾಟಿದ್ದು ನೆರವಿನ ದಾರಿ. ಕಾಲ್ಪೋಡದಿಂದ ಪ್ಯಾರಮೀಸಿಯಂಗೆ ದಾಟಿದ್ದರಲ್ಲಿ ಪೈಪೋಟಿಯೇ ಹೆಚ್ಚು.

ಈಗ ಆ ಹುಡುಗಿಯ ಪ್ರಶ್ನೆ. ಬಹಳ ಒಳ್ಳೆಯ ಪ್ರಶ್ನೆ, ಅವಳಿಗೆ ಪೂರ್ತಿ ಉತ್ತರ ಸಿಗಬೇಕು. ಬಂಡೆಯ ಮೇಲೆ ಅಥವಾ ಪಾಳುಬಿದ್ದ ಹೊಲದಲ್ಲಿ ಆರಂಭದಲ್ಲಿ ಸಾವಯವ ವಸ್ತು ಕಡಿಮೆ, ಹಸಿರು ಗಿಡಗಳು ಬೆಳಕಿನಿಂದ ಅದನ್ನು ಕೂಡಿಸುತ್ತ ಹೋಗುತ್ತವೆ. ಜಾಡಿಯಲ್ಲಿ ತಿರುಗುಮುರುಗು. ಆರಂಭದಲ್ಲೇ ಗಂಟು ತುಂಬಿದೆ, ಪ್ರತಿ ಹಂತವೂ ಅದನ್ನು ಕರಗಿಸುತ್ತದೆ. ಇದು ಪರಪೋಷಕ ಅನುಕ್ರಮಣ, ಬಿದ್ದ ಮರ ಕೊಳೆಯುವಾಗ ನಡೆಯುವುದೂ ಇದೇ ಬಗೆಯದು. ಹೊಸ ಶಕ್ತಿ ಒಳಗೆ ಬರದಿದ್ದರೆ ಸ್ಥಿರ ಸಮುದಾಯ ಉಳಿಯಲಾರದು. ನಿಮ್ಮ ಜಾಡಿ ಕಪಾಟಿನಲ್ಲಿತ್ತು, ಬೆಳಕಿಲ್ಲ. ಅದನ್ನೇ ನೇರ ಬಿಸಿಲು ಬೀಳದ ಕಿಟಕಿಯ ಬಳಿ ಇಟ್ಟಿದ್ದರೆ ಕೆರೆಯ ನೀರಿನ ಜೊತೆ ಬಂದ ಪಾಚಿಗಳು ಬೆಳೆದು, ಅವುಗಳನ್ನು ಅವಲಂಬಿಸಿದ ಒಂದು ಸಣ್ಣ ಸಮುದಾಯ ತಿಂಗಳುಗಟ್ಟಲೆ ನಿಲ್ಲಬಹುದು. ಅವಳು ಕೇಳಿದ ಸ್ಥಿರ ಸಮುದಾಯಕ್ಕೆ ಜಾಡಿಯಲ್ಲಿ ಹತ್ತಿರದ್ದು ಅದೇ. ಎರಡು ಜಾಡಿ, ಒಂದು ಕತ್ತಲಲ್ಲಿ ಒಂದು ಬೆಳಕಲ್ಲಿ: ಪ್ರಯೋಗ ತಾನಾಗಿ ಸಿದ್ಧವಾಯಿತು.

'ಮಾಯ' ಎನ್ನುವ ಮಾತನ್ನೂ ಪರೀಕ್ಷಿಸಬೇಕು. ಮೂರು ಹನಿ ನೋಡಿದ್ದೀರಿ ಎಂದುಕೊಳ್ಳೋಣ. ಮಿಲಿಗೆ 20 ಹನಿಯ ಲೆಕ್ಕದಲ್ಲಿ ಅದು 0.15 ಮಿಲಿ. ಒಂದು ಲೀಟರ್ ಜಾಡಿಯಲ್ಲಿ ಆರೇಳು ಸಾವಿರ ಪ್ಯಾರಮೀಸಿಯಂ ಇದ್ದರೂ ಮೂರು ಹನಿಗೆ ಸರಾಸರಿ ಒಂದು ಮಾತ್ರ, ಮೂರು ಸಲ ನೋಡಿದರೆ ಒಂದು ಸಲಕ್ಕಿಂತ ತುಸು ಹೆಚ್ಚೇ ಬಾರಿ ಒಂದೂ ಸಿಗದೆ ಹೋಗುತ್ತದೆ. ಪುಸ್ತಕದಲ್ಲಿ 'ಇಲ್ಲ' ಎಂದು ಬರೆಸದೆ 'ಮೂರು ಹನಿಯಲ್ಲಿ ಕಾಣಲಿಲ್ಲ' ಎಂದು ಬರೆಸಿ. ಕಾಲ್ಪೋಡದ ವಿಷಯ ಇನ್ನೂ ಚೆನ್ನ. ಆಹಾರ ಮುಗಿದಾಗ ಅದು ಗಟ್ಟಿ ಕೋಶಕವಚ ಕಟ್ಟಿಕೊಂಡು ತಳದ ಕೆಸರಿನಲ್ಲಿ ಸುಪ್ತವಾಗಿರುತ್ತದೆ. ಆರಿದ ಹೊಸ ಕಷಾಯ 20 ಮಿಲಿಗೆ ಹಳೆಯ ಜಾಡಿಯ ತಳದ ಕೆಸರು ಎರಡು ಹನಿ ಹಾಕಿ ಒಂದೆರಡು ದಿನ ಬಿಟ್ಟು ನೋಡಿದರೆ ಕಾಲ್ಪೋಡ ಮತ್ತೆ ಈಜುತ್ತಿರುತ್ತದೆ. ಪ್ಯಾರಮೀಸಿಯಂ ಇಂಥ ಕವಚ ಕಟ್ಟುವುದು ಕಂಡುಬಂದಿಲ್ಲ, ಒಮ್ಮೆ ಪೂರ್ತಿ ಹೋದರೆ ಹೊರಗಿನಿಂದಲೇ ಬರಬೇಕು. ಅನುಕ್ರಮಣದಲ್ಲಿ ಹಿಂದೆ ಸರಿದವರೆಲ್ಲ ಅಳಿದವರಲ್ಲ ಎನ್ನುವುದಕ್ಕೆ ಇದಕ್ಕಿಂತ ಅಗ್ಗದ ಪ್ರಮಾಣ ಸಿಗದು.

ಪ್ರಮಾಣ ಹೀಗಿರಲಿ: ಒಂದು ಲೀಟರ್ ನೀರಿಗೆ 5 ಗ್ರಾಂ ಒಣಹುಲ್ಲು, ಹತ್ತು ಹದಿನೈದು ನಿಮಿಷ ಕುದಿತ, ಆರಿದ ಮೇಲೆ ತೆಳುಬಟ್ಟೆ ಕಟ್ಟಿ ಒಂದೆರಡು ದಿನ, ಆಮೇಲೆ 20 ಮಿಲಿ ಕೆರೆನೀರು ಸ್ವಲ್ಪ ತಳದ ಕೆಸರಿನೊಂದಿಗೆ. ನಲ್ಲಿಯ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ತೆರೆದಿಡಿ. ಹುಲ್ಲು ಹೆಚ್ಚಾದರೆ ಬ್ಯಾಕ್ಟೀರಿಯಾ ಆಮ್ಲಜನಕವನ್ನೆಲ್ಲ ಮುಗಿಸಿ ಜಾಡಿ ನಾರುತ್ತದೆ, ಲೋಮಾಂಗಿಗಳು ಬರುವುದೇ ಇಲ್ಲ. ಮೇಲಿನ ಪೊರೆ, ನಡುವಿನ ನೀರು, ತಳ ಈ ಮೂರು ಕಡೆಯಿಂದ ಬೇರೆ ಬೇರೆ ಹನಿ ತೆಗೆಯಿರಿ, ಜೀವಿಗಳು ಮೂರೂ ಕಡೆ ಒಂದೇ ಆಗಿರುವುದಿಲ್ಲ. ಓಡಾಡುವ ಪ್ಯಾರಮೀಸಿಯಂ ಎಣಿಸಲು ಹನಿಗೆ ಸ್ವಲ್ಪ ಅಯೋಡಿನ್ ಸಾಕು.

ಕಲ್ಲುಹೂವು ಮೊದಲು, ಕಾಡು ಕೊನೆ?

ಗಟ್ಟಿ, ನುಣುಪಾದ ಬಂಡೆಯಲ್ಲಿ ಬೇರಿಗೆ ಜಾಗವಿಲ್ಲ, ಅಲ್ಲಿ ಕಲ್ಲುಹೂವು ಮತ್ತು ಹಾವಸೆ ಮೊದಲು ಎನ್ನುವುದು ಸರಿ. ಎಲ್ಲ ಕಡೆಗೂ ಅದೇ ನಿಯಮವಲ್ಲ. 1963ರ ನವೆಂಬರ್‌ನಲ್ಲಿ ಐಸ್‌ಲ್ಯಾಂಡಿನ ದಕ್ಷಿಣದ ಕಡಲಿನಿಂದ ಜ್ವಾಲಾಮುಖಿಯಾಗಿ ಮೇಲೆದ್ದ ಸುರ್ಟ್ಸೆ ದ್ವೀಪವನ್ನು ವಿಜ್ಞಾನಿಗಳು ಆರಂಭದಿಂದಲೇ ಕಾದು ನೋಡಿದ್ದಾರೆ. 1965ರಲ್ಲಿ ಅಲ್ಲಿ ಮೊದಲು ಕಂಡ ಗಿಡ ಕಡಲತೀರದ ಹೂಬಿಡುವ ಸಸ್ಯ, ಅದರ ಬೀಜ ಅಲೆಯೊಂದಿಗೆ ಬಂದಿತ್ತು. ಹಾವಸೆ ಬಂದದ್ದು 1967ರಲ್ಲಿ, ಕಲ್ಲುಹೂವು 1970ರಲ್ಲಿ. ಸಸ್ಯಗಳು ಬಹಳ ಕಾಲ ಕುಂಟುತ್ತಲೇ ಇದ್ದವು, 1980ರ ದಶಕದ ನಡುವೆ ಕಡಲಹಕ್ಕಿಗಳು ಗುಂಪಾಗಿ ಗೂಡುಕಟ್ಟತೊಡಗಿ ಹಿಕ್ಕೆಯಿಂದ ನೆಲಕ್ಕೆ ಸಾರಜನಕ ಬಿದ್ದ ಮೇಲೆ ವೇಗ ಹಿಡಿದವು. ಅಮೆರಿಕದ ಮೌಂಟ್ ಸೇಂಟ್ ಹೆಲೆನ್ಸ್ 1980ರ ಮೇ 18ರಂದು ಸಿಡಿದಾಗ ಹರಡಿದ ಹಗುರಗಲ್ಲಿನ ಬಯಲಿನಲ್ಲಿ ಕೆಲವೇ ವರ್ಷಗಳಲ್ಲಿ ನೆಲೆಸಿದ್ದು ಲುಪಿನ್ ಎಂಬ ದ್ವಿದಳ ಸಸ್ಯ, ಬೇರಿನ ಗಂಟುಗಳಿಂದ ಗಾಳಿಯ ಸಾರಜನಕ ಹಿಡಿಯಬಲ್ಲದ್ದು. ಸಡಿಲ ಬೂದಿಯಲ್ಲಿ ಬೇರು ಇಳಿಯಬಹುದು, ಇಲ್ಲದ್ದು ಸಾರಜನಕ. ಯಾವುದರ ಕೊರತೆ ಹೆಚ್ಚೋ ಅದನ್ನು ಗೆಲ್ಲಬಲ್ಲವರೇ ಮೊದಲು ನಿಲ್ಲುತ್ತಾರೆ. ಐದು ನಳಿಕೆಗಳಲ್ಲಿ ಕೇಳಿದ ಪ್ರಶ್ನೆಯೇ ಇಲ್ಲಿ ದೊಡ್ಡ ನೆಲದ ಮೇಲೆ ನಡೆಯುತ್ತಿದೆ.

ಕೊನೆಗೆ ನಿಶ್ಚಿತವಾದ ಒಂದು ಸ್ಥಿರ ಸಮುದಾಯ ಎನ್ನುವ ಚಿತ್ರ ಅಮೆರಿಕದ ಪರಿಸರ ವಿಜ್ಞಾನಿ ಫ್ರೆಡರಿಕ್ ಕ್ಲೆಮೆಂಟ್ಸ್ 1916ರಲ್ಲಿ ಕೊಟ್ಟದ್ದು. 1926ರಲ್ಲೇ ಅದೇ ದೇಶದ ಸಸ್ಯಶಾಸ್ತ್ರಜ್ಞ ಹೆನ್ರಿ ಗ್ಲೀಸನ್ ಅದನ್ನು ಒಪ್ಪದೆ, ಪ್ರತಿ ಪ್ರಭೇದವೂ ತನ್ನ ಅಗತ್ಯಕ್ಕೆ ತಕ್ಕಂತೆ, ಬೀಜ ಬಂದ ಅದೃಷ್ಟಕ್ಕೆ ತಕ್ಕಂತೆ ನೆಲೆಸುತ್ತದೆ ಎಂದರು. ಇಂದಿನ ಪರಿಸರ ವಿಜ್ಞಾನ ಗ್ಲೀಸನ್ ಕಡೆಗೇ ಹೆಚ್ಚು ವಾಲಿದೆ. ಬೆಂಕಿ, ಪ್ರವಾಹ, ಮೇಯುವಿಕೆ ಮರುಕಳಿಸುವ ಕಡೆ ಹುಲ್ಲುಗಾವಲು ಸಾವಿರಾರು ವರ್ಷ ಹುಲ್ಲುಗಾವಲಾಗಿಯೇ ಇರಬಲ್ಲದು. ಅದನ್ನು ಅರ್ಧಕ್ಕೆ ನಿಂತ ಕಾಡು ಎಂದು ಮಕ್ಕಳಿಗೆ ಹೇಳಬೇಡಿ. ಆ ತಪ್ಪು ತಿಳಿವಳಿಕೆಯಿಂದ ನಿಜವಾದ ಹುಲ್ಲುಗಾವಲುಗಳಲ್ಲಿ ಮರ ನೆಟ್ಟು ಅವುಗಳನ್ನು ಹಾಳುಮಾಡಿದ್ದೂ ಇದೆ. ಪರೀಕ್ಷೆಯಲ್ಲಿ 'ಬಂಡೆಯ ಮೇಲಿನ ಅನುಕ್ರಮಣ ಬರೆಯಿರಿ' ಎಂದು ಕೇಳಿದರೆ ಕಲ್ಲುಹೂವು, ಹಾವಸೆ, ಹುಲ್ಲು, ಪೊದೆ, ಮರ ಎಂದೇ ಬರೆಯಲಿ, ಅಂಕ ಕಳೆದುಕೊಳ್ಳುವುದು ಬೇಡ. ಪ್ರತಿ ಹೆಸರಿನ ಮುಂದೆ 'ಇದರಿಂದ ಏನು ಬದಲಾಯಿತು' ಎಂದು ಒಂದು ವಾಕ್ಯ ಸೇರಿಸುವ ಅಭ್ಯಾಸ ಮಾಡಿಸಿ.

ಮುಂದಿನ ವರ್ಷಕ್ಕೆ

ಹೀಮೋಸೈಟೋಮೀಟರ್ ಇದ್ದು ಎರಡು ದಿನ ಪೂರ್ತಿ ಸಿಗುವುದಾದರೆ ಯೀಸ್ಟ್ ಇಟ್ಟುಕೊಳ್ಳಿ. ಇಲ್ಲವಾದರೆ ಸಂಖ್ಯೆಯ ಪಾಠಕ್ಕೆ ನನ್ನ ಆಯ್ಕೆ ಲೆಮ್ನಾ, ನಿಂತ ನೀರಿನ ಮೇಲೆ ತೇಲುವ ಪುಟ್ಟ ಹಸಿರೆಲೆಯ ಸಸ್ಯ. ಬರಿಗಣ್ಣಿಗೇ ಎಣಿಸಬಹುದು. ಒಂದು ಕಿರಿದಾದ ಬೀಕರ್, ಒಂದು ಅಗಲವಾದ ತಟ್ಟೆ, ಎರಡರಲ್ಲೂ 200 ಮಿಲಿ ಒಂದೇ ಪೋಷಕ ನೀರು, ಹತ್ತು ಹತ್ತು ಎಲೆ. ಎರಡು ದಿನಕ್ಕೊಮ್ಮೆ ಎಣಿಕೆ, ಮೂರು ನಾಲ್ಕು ವಾರ. ಬೀಕರ್ ತುಂಬಿ ನಿಂತ ಮೇಲೂ ತಟ್ಟೆಯಲ್ಲಿ ಏರುತ್ತಿದ್ದರೆ ಮಿತಿ ಜಾಗದ್ದು. ಎರಡೂ ಹತ್ತಿರದ ಸಂಖ್ಯೆಯಲ್ಲೇ ನಿಂತು ಎಲೆ ಹಳದಿಯಾದರೆ ಪೋಷಕದ್ದು. ತಟ್ಟೆಯ ನೀರು ಬೇಗ ಆರುತ್ತದೆ, ಮಟ್ಟ ಗುರುತು ಹಾಕಿ ಬಟ್ಟಿ ಇಳಿಸಿದ ನೀರಿನಿಂದ ತುಂಬಿಸಿ. ನೀರೇ ಹಸಿರಾದರೆ ಪಾಚಿ ಪೋಷಕವನ್ನು ಕದಿಯುತ್ತಿದೆ, ಪಾತ್ರೆಯ ಬದಿಗೆ ಕಪ್ಪು ಕಾಗದ ಸುತ್ತಿದರೆ ಕಡಿಮೆಯಾಗುತ್ತದೆ. ಎಲೆಯ ಅಂಚಿನಲ್ಲಿ ಇಣುಕುವ ಮರಿ ಎಲೆಯನ್ನೂ ಎಣಿಸಬೇಕೇ ಎನ್ನುವುದನ್ನು ಮೊದಲೇ ತೀರ್ಮಾನಿಸಿ.

ಹುಲ್ಲಿನ ಜಾಡಿಯನ್ನು ಮಾತ್ರ ಬಿಡಬೇಡಿ. ಕತ್ತಲು, ಬೆಳಕು ಎಂದು ಎರಡು ಮಾಡಿ, ಐದು ವಾರ ಕೊಡಿ. ಅಂಗಳದಲ್ಲಿ ಒಂದು ಮೀಟರ್ ಚೌಕ ನೆಲ ಸಿಕ್ಕರೆ ಕಳೆ ಕಿತ್ತು ಬಿಟ್ಟು ವಾರಕ್ಕೊಮ್ಮೆ ಎಣಿಸುವುದೂ ಒಳ್ಳೆಯದೇ, ಆದರೆ ಅದು ದ್ವಿತೀಯಕ ಅನುಕ್ರಮಣ. ಬೀಜ, ಬೇರು ಮಣ್ಣಿನಲ್ಲೇ ಇರುತ್ತವೆ, ಫಲ ಕಾಣಲು ತಿಂಗಳುಗಳೇ ಬೇಕು.

ಮುಗಿದ ಮೇಲೆ ಲೆಮ್ನಾವನ್ನು ಕೆರೆಗೋ ಚರಂಡಿಗೋ ಬಿಡದೆ ಒಣಗಿಸಿ. ಯೀಸ್ಟ್ ಮತ್ತು ಕಷಾಯದ ಜಾಡಿಗಳಿಗೆ ಹತ್ತರಲ್ಲಿ ಒಂದು ಪಾಲಿನಷ್ಟು ಬ್ಲೀಚ್ ದ್ರಾವಣ ಬೆರೆಸಿ ಅರ್ಧ ಗಂಟೆ ಬಿಟ್ಟು ಆಮೇಲೆ ಚೆಲ್ಲಿ. ಕಷಾಯದಲ್ಲಿ ಯಾವ ಬ್ಯಾಕ್ಟೀರಿಯಾ ಬೆಳೆದಿದೆಯೋ ಗೊತ್ತಿರುವುದಿಲ್ಲ, ಹನಿ ತೆಗೆಯಲು ಯಾರೂ ಬಾಯಿಂದ ಪಿಪೆಟ್ ಎಳೆಯಬಾರದು, ಪ್ರತಿ ಸಲ ಕೈ ಸೋಪಿನಿಂದ ತೊಳೆಯಬೇಕು.